ಪುಸ್ತಕ ಓದಿ ಸಿನಿಮಾ ವಿಮರ್ಶೆ ಬರೆಯುವವರಿಗೆ

ಪುಸ್ತಕದಲ್ಲಿದ್ದದ್ದು ತೆರೆಯ ಮೇಲಿಲ್ಲ ಎಂಬ ದೂರಿನಿಂದಲೇ ವಿಮರ್ಶೆ ಶುರುಮಾಡಬೇಡಿ. ಪೀಟರ್ ಜಾಕ್ಸನ್ 2001ರ ‘ದಿ ಫೆಲೋಶಿಪ್ ಆಫ್ ದಿ ರಿಂಗ್’ ಚಿತ್ರದಲ್ಲಿ ಟಾಮ್ ಬೊಂಬಾಡಿಲ್ ಪಾತ್ರವನ್ನೇ ಕೈಬಿಟ್ಟರು. ಮೂಲ ಕಾದಂಬರಿ ಬರೆದ ಟೋಲ್ಕೀನ್‌ರ ಅಭಿಮಾನಿಗಳಿಗೆ ನೋವಾಯಿತು, ನಿಜ. ಆದರೆ ಉಂಗುರದ ಬೆನ್ನುಹತ್ತಿದ ಭಯ ಎಲ್ಲೂ ಸಡಿಲವಾಗಲಿಲ್ಲ. ಅದೇ ನಿರ್ದೇಶಕರು 1937ರ ಪುಟ್ಟ ಪುಸ್ತಕ ‘ದಿ ಹಾಬಿಟ್’ ಅನ್ನು ಮೂರು ಚಿತ್ರಗಳಾಗಿ ಎಳೆದಾಗ ಮೂಲದಲ್ಲಿಲ್ಲದ ಟೌರಿಯಲ್‌ಳ ಪ್ರೇಮಕಥೆ ಬಂತು, ಯುದ್ಧ ಉದ್ದವಾಯಿತು, ನಾಯಕ ಬಿಲ್ಬೋ ತನ್ನ ಕಥೆಯಲ್ಲೇ ಮೂಲೆಗೆ ಸರಿದ. ಬಿಟ್ಟದ್ದರಿಂದ, ಸೇರಿಸಿದ್ದರಿಂದ ಕಥೆಗೆ ಏನಾಯಿತು ಎಂದು ಕೇಳಿ. ಗ್ರಾಫಿಕ್ಸ್ ಚೆನ್ನಾಗಿದೆ ಎಂದಷ್ಟೇ ಬರೆದು ಮುಗಿಸಬೇಡಿ. ತೆರೆಯ ಮೇಲಿನ ಹೊಡೆದಾಟದಲ್ಲಿ ಯಾರು ಎಲ್ಲಿದ್ದಾರೆ, ಏಕೆ ಹೊಡೆದಾಡುತ್ತಿದ್ದಾರೆ ಎಂಬುದು ತಿಳಿಯಿತೇ, ಅದನ್ನು ಹೇಳಿ. ಪುಸ್ತಕ ಓದದೆ ಟಿಕೆಟ್ ಕೊಳ್ಳುವವರೂ ಇದ್ದಾರೆ. ಅವರಿಗಾಗಿ ಕೊನೆಯ ತಿರುವನ್ನು ದಯವಿಟ್ಟು ಮುಚ್ಚಿಡಿ.