ಸಾವಿನ ಕಾರಣವನ್ನರಸಿ

ಆಸ್ಪತ್ರೆಯಲ್ಲಿ ರೋಗಿಯೊಬ್ಬರು ತೀರಿಕೊಂಡರೆ ಬಂಧುಗಳು ಗೋಳಿಡುತ್ತಾರೆ, ಹಾಸಿಗೆ ಬರಿದಾಗುತ್ತದೆ, ಮರುದಿನ ಅಲ್ಲಿ ಇನ್ನೊಬ್ಬರು ಮಲಗುತ್ತಾರೆ. ಹಿರಿಯ ಶುಶ್ರೂಷಕಿಯ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹೋದ ಜೀವ ಏಕೆ ಹೋಯಿತು, ಅದನ್ನು ಉಳಿಸಬಹುದಿತ್ತೆ ಎಂದು ವಿಚಾರಿಸುವುದೂ ಶುಶ್ರೂಷೆಯ ಒಂದು ಅಂಗವೇ.

ಈ ದಾರಿಯನ್ನು ತೋರಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಮುಖಳು. 1854ರಲ್ಲಿ ಅವಳು ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ ಆಸ್ಪತ್ರೆಗೆ ಹೋದಳು. ಯುದ್ಧ ಮುಗಿದ ಮೇಲೆ ಸೈನಿಕರ ಸಾವಿನ ಲೆಕ್ಕಗಳನ್ನು ಪರಿಶೀಲಿಸಿದಾಗ, ಗಾಯಗಳಿಂದ ಸತ್ತವರಿಗಿಂತ ರೋಗಗಳಿಂದ ಸತ್ತವರೇ ಬಹುಮಂದಿ ಎಂಬುದು ತಿಳಿಯಿತು. ಆಸ್ಪತ್ರೆಯ ಕೊಳೆಯೇ ಅದಕ್ಕೆ ಮುಖ್ಯ ಕಾರಣವಾಗಿತ್ತು. ತಾನು ದುಡಿದ ಆಸ್ಪತ್ರೆಯೂ ಆ ಲೆಕ್ಕದಲ್ಲಿತ್ತು. ಆದರೂ ಅವಳು ಅದನ್ನು ಮರೆಮಾಡಲಿಲ್ಲ. 1858ರಲ್ಲಿ ರೇಖಾಚಿತ್ರಗಳ ಮೂಲಕ ಆಳುವವರ ಮುಂದಿಟ್ಟಳು.

ತಾಯಂದಿರ ಮರಣವನ್ನು ಪರಿಶೀಲಿಸಲು ಭಾರತ ಸರಕಾರವು 2010ರಲ್ಲಿ ಮಾರ್ಗದರ್ಶಿ ಸೂತ್ರಗಳನ್ನು ಹೊರಡಿಸಿ, 2017ರಲ್ಲಿ ಅವುಗಳನ್ನು ಪರಿಷ್ಕರಿಸಿತು. ಗರ್ಭಿಣಿಯಾಗಿದ್ದಾಗಲಾಗಲಿ, ಹೆರಿಗೆಯಾದ 42 ದಿನಗಳೊಳಗಾಗಲಿ ಗರ್ಭ ಇಲ್ಲವೆ ಹೆರಿಗೆಗೆ ಸಂಬಂಧಿಸಿದ ಕಾರಣದಿಂದ ಒದಗುವ ಸಾವು ಈ ಪರಿಶೀಲನೆಗೆ ಒಳಪಡುತ್ತದೆ. ಆಸ್ಪತ್ರೆಯ ದಾಖಲೆಗಳನ್ನು ಓದುವುದಷ್ಟೇ ಅಲ್ಲದೆ, ಮೃತಳ ಮನೆಗೂ ಹೋಗಿ ಕೇಳಬೇಕಾಗುತ್ತದೆ.

ಅಲ್ಲಿ ಮೂರು ಬಗೆಯ ವಿಳಂಬಗಳನ್ನು ಗಮನಿಸುತ್ತಾರೆ. ಬಾಗಲಕೋಟೆ ಜಿಲ್ಲೆಯನ್ನೇ ನೋಡೋಣ. ಇಳಕಲ್ಲಿನ ನೇಕಾರರ ಮನೆಯೊಂದರಲ್ಲಿ, ಗರ್ಭಿಣಿಯ ಕಾಲು ಬಾತಿದ್ದರೂ ತಲೆನೋವು ಹೆಚ್ಚಿದ್ದರೂ ‘ನಾಳೆ ನೋಡೋಣ’ ಎಂದು ತಡೆದರೆ ಅದು ಮೊದಲನೆಯ ವಿಳಂಬ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿತು. ಅಂಥ ದಿನಗಳಲ್ಲಿ ದಾರಿ ಕಡಿದುಹೋದರೆ ಅದು ಎರಡನೆಯದು. ಹುನಗುಂದದಿಂದ ಹೊರಟವಳು ಬಾಗಲಕೋಟೆಯ ಆಸ್ಪತ್ರೆ ತಲಪಿದರೂ ರಕ್ತ ಸಿಗಲು ತಡವಾದರೆ ಅದು ಮೂರನೆಯದು. ಹೆರಿಗೆಯ ನಂತರದ ರಕ್ತಸ್ರಾವವು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು.

ಇಲ್ಲಿಯೇ ಶುಶ್ರೂಷಕಿಯ ಬರವಣಿಗೆಗೆ ಬೆಲೆ. ನಾಡಿ, ರಕ್ತದೊತ್ತಡಗಳನ್ನು ಎಷ್ಟು ಹೊತ್ತಿಗೆ ನೋಡಲಾಯಿತು, ವೈದ್ಯರಿಗೆ ಯಾವಾಗ ಹೇಳಿಕಳುಹಿಸಲಾಯಿತು, ರಕ್ತ ಯಾವಾಗ ಬಂತು ಎಂಬುದನ್ನು ಇದ್ದಂತೆಯೇ ಬರೆದಿದ್ದರೆ ಕಾರಣ ಹೊರಬೀಳುತ್ತದೆ. ಶಿಕ್ಷೆಗೆ ಅಂಜಿ ವೇಳೆಯನ್ನು ತಿದ್ದಿದರೆ ಒಬ್ಬಳ ಮಾನ ಉಳಿದೀತು. ಆದರೆ ಅದೇ ದೋಷ ಇನ್ನೊಬ್ಬ ತಾಯಿಗಾಗಿ ಕಾದು ಕುಳಿತಿರುತ್ತದೆ. ಆದುದರಿಂದಲೇ ಹೆಸರು ಹಿಡಿದು ದೂಷಿಸಬಾರದೆಂಬುದು ಈ ಪರಿಶೀಲನೆಯ ನಿಯಮ. ಜಿಲ್ಲಾಧಿಕಾರಿಗಳ ಸಮ್ಮುಖದಲ್ಲಿ ನಡೆಯುವ ಸಭೆಗೆ ಮೃತಳ ಬಂಧುಗಳನ್ನೂ ಕರೆಯುವ ಪದ್ಧತಿಯುಂಟು.

ಕರ್ನಾಟಕದಲ್ಲಿ 2001–03ರಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ವೇಳೆಗೆ ಈ ಸಂಖ್ಯೆ 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, 2008ರಲ್ಲಿ ಆರಂಭವಾದ 108 ವಾಹನ ಮೊದಲಾದ ಹಲವು ಏರ್ಪಾಡುಗಳು ಇದಕ್ಕೆ ನೆರವಾದವು. ಉಳಿದ ಸಾವುಗಳನ್ನು ತಡೆಯಬೇಕಾದರೆ ಒಂದೊಂದರ ಕಾರಣವನ್ನೂ ಹುಡುಕಬೇಕು. ಸತ್ತವಳನ್ನು ಮರಳಿ ತರಲು ಯಾರಿಂದಲೂ ಆಗದು; ಅವಳ ಸಾವಿನ ನಿಜವನ್ನು ಬರೆದಿಟ್ಟರೆ, ಮುಂದೆ ಬರುವವಳು ಕೂಸನ್ನೆತ್ತಿಕೊಂಡು ಮನೆಗೆ ಹಿಂದಿರುಗಬಹುದು.