ಆಸ್ಪತ್ರೆಯ ದಾಖಲೆಯಲ್ಲಿ ಒಬ್ಬರು ಇಬ್ಬರಾಗದಿರಲಿ

ಮುಂಬಯಿಯಲ್ಲಿ ನಮೂನೆಗಳು ಅಡ್ಡಹೆಸರು ಕೇಳುತ್ತವೆ. ನಮ್ಮಲ್ಲಿ ಅನೇಕರಿಗೆ ಇರುವುದು ಇನಿಷಿಯಲ್ ಮಾತ್ರ. ಆಸ್ಪತ್ರೆಯಲ್ಲಿ ಒಮ್ಮೆ ‘ಕೆ. ರಾಮಪ್ಪ’, ಇನ್ನೊಮ್ಮೆ ‘ರಾಮಪ್ಪ ಕರಿಯಪ್ಪ’ ಎಂದು ಬರೆಸಿದರೆ ಗಣಕಯಂತ್ರದಲ್ಲಿ ಒಬ್ಬರೇ ಇಬ್ಬರಾಗಬಹುದು. ಪೆನಿಸಿಲಿನ್ ಒಗ್ಗದೆಂಬ ಮಾತು ಮೊದಲನೆಯ ದಾಖಲೆಯಲ್ಲೇ ಉಳಿದರೆ, ಎರಡನೆಯದನ್ನು ನೋಡುವ ವೈದ್ಯರಿಗೆ ಅದು ಕಾಣದು, ಪ್ರಾಣಕ್ಕೇ ಅಪಾಯವುಂಟು.

ಇಂಥ ಜೋಡಿ ದಾಖಲೆಗಳನ್ನು ಹುಡುಕಿ, ಜನ್ಮದಿನಾಂಕ, ವಿಳಾಸಗಳನ್ನು ತಾಳೆನೋಡಿ ಒಂದುಗೂಡಿಸುವುದು, ಔಷಧದ ಎಚ್ಚರಿಕೆ ಸಕಾಲಕ್ಕೆ ಮೂಡುವಂತೆ ನೋಡಿಕೊಳ್ಳುವುದು ಕ್ಲಿನಿಕಲ್ ಇನ್‌ಫರ್ಮ್ಯಾಟಿಕ್ಸ್ ವಿಶ್ಲೇಷಕರ ಕೆಲಸಗಳಲ್ಲಿ ಸೇರಿದೆ. ಗುಮಾಸ್ತರಾದ ನಮಗೆ ಇದು ತೀರ ಅಪರಿಚಿತವಲ್ಲ. ಖಾತೆ ತಾಳೆಹಾಕುವ ಕಣ್ಣೇ ಅಲ್ಲಿಯೂ ಬೇಕು.

ನಾವು ಮಾಡಬೇಕಾದುದಿಷ್ಟೆ: ಎಲ್ಲೆಡೆಯೂ ಒಂದೇ ಹೆಸರು ಬರೆಸೋಣ, 14 ಅಂಕಿಗಳ ಆಭಾ ಸಂಖ್ಯೆ ಇದ್ದರೆ ತೋರಿಸೋಣ, ಒಗ್ಗದ ಔಷಧವನ್ನು ಪ್ರತಿಸಲವೂ ಬಾಯಿಬಿಟ್ಟು ಹೇಳೋಣ.