ಕೆರೆಯ ಮುರ್ರೆಲ್ ಮೀನಿಗೆ ಹುಸಿ ಎರೆ: ಅದರ ಅಳತೆಯೂ ಬಣ್ಣವೂ

ಕೆರೆಗೆ ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟ ಗ್ರಾಮಗಳಲ್ಲಿ, ಬೇಸಗೆಯಲ್ಲಿ ಬಲೆ ಎಳೆದಾಗ ಎಣಿಸಿದಷ್ಟು ಮೀನು ದೊರೆಯಲಿಲ್ಲವೆಂಬ ದೂರು ಆಗಾಗ್ಗೆ ಕೇಳಿಬರುವುದುಂಟು. ಮರಿಗಳನ್ನು ಲೆಕ್ಕಕ್ಕಿಂತ ಕಡಮೆ ಕೊಟ್ಟರೆಂದು ಕೆಲವರೂ, ರಾತ್ರಿ ಕಳ್ಳರು ಬಲೆ ಬೀಸಿದರೆಂದು ಕೆಲವರೂ ಹೇಳುವರು. ಇವುಗಳಲ್ಲಿ ನಿಜಾಂಶವೇ ಇಲ್ಲವೆಂದಲ್ಲ. ಆದರೆ ಮರಿಗಳು ಬರುವುದಕ್ಕೆ ಮೊದಲೇ ಕೆರೆಯಲ್ಲಿ ನೆಲೆಸಿರುವ ಹಳೆಯ ಒಕ್ಕಲನ್ನು ಎಲ್ಲರೂ ಮರೆಯುವರು. ಜನರು ಕೊರವ, ಕುಚ್ಚು ಮೀನು ಮುಂತಾಗಿ ಕರೆಯುವ, ಇಲಾಖೆಯ ಕಾಗದಗಳಲ್ಲಿ ಮುರ್ರೆಲ್ ಎಂದು ಬರೆಯುವ ಮೀನೇ ಅದು. ಇದು ಸಣ್ಣ ಮೀನು, ಕಪ್ಪೆ, ಸೀಗಡಿಗಳನ್ನು ನುಂಗಿ ಬದುಕುವುದು. ಬೆರಳುದ್ದದ ಮರಿಗಳನ್ನು ಇದರ ಮುಂದೆ ಬಿಡುವುದೆಂದರೆ ದುಡ್ಡು ಕೊಟ್ಟು ತಂದ ಬಿತ್ತನೆಯನ್ನು ಹಕ್ಕಿಗಳಿಗೆ ಚೆಲ್ಲಿದಂತೆ.

ಬಲೆಯಿಂದ ಇದನ್ನು ತೆಗೆಯುವುದು ಕಷ್ಟ. ಬಲೆ ಸಮೀಪಿಸಿದೊಡನೆ ಕೆಸರಿನಲ್ಲಿ ಹೂತುಕೊಳ್ಳುವುದು, ಇಲ್ಲವೇ ಜೊಂಡಿನೊಳಗೆ ಸೇರುವುದು. ಹೊರಗಿನ ಗಾಳಿಯನ್ನು ಉಸಿರಾಡಬಲ್ಲುದಾದ್ದರಿಂದ ನೀರು ಬತ್ತಿ ಕೆಸರು ಮಾತ್ರ ಉಳಿದಾಗಲೂ ಬೇಗನೆ ಸಾಯುವುದಿಲ್ಲ. ಸಣ್ಣ ಕೊಳಗಳಿಗೆ ಹಿಪ್ಪೆಹಿಂಡಿ ಹಾಕುವ ಕ್ರಮವುಂಟು. ಆದರೆ ಒಂದು ಹೆಕ್ಟೇರ್ ವಿಸ್ತೀರ್ಣದಲ್ಲಿ ಒಂದು ಮೀಟರ್ ಆಳದ ನೀರಿಗೆ 2500 ಕಿಲೋಗ್ರಾಂ ಹಿಂಡಿ ಬೇಕಾಗುವುದರಿಂದ, ದನಕರುಗಳು ಕುಡಿಯುವ ದೊಡ್ಡ ಕೆರೆಗೆ ಈ ಉಪಾಯವು ಹೊಂದತಕ್ಕದ್ದಲ್ಲ. ಉಳಿದಿರುವುದು ಗಾಳ. ಗಾಳದಿಂದ ಮುರ್ರೆಲ್ ಸಂತಾನವು ನಿರ್ಮೂಲವಾಗದು; ಆದರೂ ಹೆಚ್ಚು ಮರಿಗಳನ್ನು ತಿನ್ನುವ ದೊಡ್ಡ ಮೀನುಗಳನ್ನು ಕಡಮೆ ಮಾಡಬಹುದು, ಹಿಡಿದದ್ದಕ್ಕೆ ಸಂತೆಯಲ್ಲಿ ಒಳ್ಳೆಯ ಬೆಲೆಯೂ ಬರುವುದು. ಇದಕ್ಕೆ ಜೀವಂತ ಕಪ್ಪೆಯನ್ನು ಸಿಕ್ಕಿಸುವ ವಾಡಿಕೆಯು ಹಲವೆಡೆ ಇದೆ. ಗದ್ದೆಯ ಹುಳುಗಳನ್ನು ತಿಂದು ಉಪಕಾರ ಮಾಡುವ ಪ್ರಾಣಿಯನ್ನು ಹೀಗೆ ಕಳೆಯುವುದು ಬೇಸಾಯಗಾರನಿಗೆ ಲಾಭವಲ್ಲ. ಆದುದರಿಂದ ಹುಸಿ ಎರೆಯ ವಿಚಾರವನ್ನು ಇಲ್ಲಿ ಹೇಳಲಾಗುವುದು.

ಅಮೆರಿಕಾ ದೇಶದ ಸಿಹಿನೀರಿನಲ್ಲಿ ಬಾಸ್ ಎಂಬ ಬೇಟೆಗಾರ ಮೀನನ್ನು ಹಿಡಿಯುವುದಕ್ಕಾಗಿ ಜರ್ಕ್‌ಬೈಟ್ ಎಂಬ ಹುಸಿ ಎರೆಯನ್ನು ಬಹಳವಾಗಿ ಬಳಸುವರು. ಸಣ್ಣ ಮೀನಿನಂತೆ ನೀಳವಾಗಿ ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಈ ವಸ್ತುವಿನ ಮೂತಿಯಲ್ಲಿ ಒಂದು ತುಟಿಯಿರುವುದು. ಕೋಲನ್ನು ಜಗ್ಗಿದರೆ ಮುಳುಗಿ ಅತ್ತಿತ್ತ ಹೊರಳುವುದು, ನಿಲ್ಲಿಸಿದರೆ ನೀರಿನಲ್ಲಿ ತೂಗಿ ನಿಲ್ಲುವುದು. ಇದೇ ಬಗೆಯ ಮೀನಿನಾಕಾರದ ಎರೆಗಳಲ್ಲಿ ಹೆಸರಾದ ಒಂದನ್ನು ಫಿನ್ಲೆಂಡಿನ ಲೌರಿ ರಾಪಾಲ ಎಂಬ ಮೀನುಗಾರನು 1936ರಲ್ಲಿ ಬೆಂಡನ್ನು ಕೆತ್ತಿ, ಚಾಕೊಲೇಟು ಸುತ್ತಿದ ತೆಳುತಗಡನ್ನು ಹೊದಿಸಿ ಮಾಡಿದನು. ಗುಂಪಿನಲ್ಲಿ ಓಲಾಡುತ್ತ ಈಜುವ ಗಾಯದ ಮೀನನ್ನೇ ದೊಡ್ಡ ಮೀನು ಆರಿಸಿ ಹಿಡಿಯುವುದನ್ನು ಆತನು ಕಂಡಿದ್ದನು. ಬಾಸ್ ನಮ್ಮ ಕೆರೆಗಳ ಮೀನಲ್ಲ. ಆದರೆ ಹೊಂಚಿ ಕುಳಿತು ಒಮ್ಮೆಗೇ ಎರಗುವ ಸ್ವಭಾವವು ಮುರ್ರೆಲ್‌ಗೂ ಇರುವುದರಿಂದ ಎರೆಯನ್ನು ಆರಿಸುವ ಕ್ರಮವು ಇಲ್ಲಿಗೂ ಸಲ್ಲುವುದು.

ಮೊದಲು ನಿಶ್ಚಯಿಸತಕ್ಕದ್ದು ಅಳತೆ, ಬಣ್ಣವಲ್ಲ. ಆ ಕೆರೆಯಲ್ಲಿ ಮುರ್ರೆಲ್ ತಿನ್ನುತ್ತಿರುವ ಸಣ್ಣ ಮೀನು ಎಷ್ಟುದ್ದವೋ ಎರೆಯೂ ಹೆಚ್ಚು ಕಡಮೆ ಅಷ್ಟೇ ಇರಲಿ. ಏರಿಯ ಕಲ್ಲುಗಳ ಬಳಿ ಆಡುವ ಸಸಲು, ಪಕ್ಕೆಗಳನ್ನು ನೋಡಿದರೆ ಅರ್ಧ ಉತ್ತರ ದೊರೆಯುವುದು. ಮೊದಲು ಸಿಕ್ಕ ಮುರ್ರೆಲ್‌ನ ಹೊಟ್ಟೆಯನ್ನು ಸೀಳಿ ನೋಡಿದರೆ ಪೂರ್ತಿ ಉತ್ತರವೇ ದೊರೆಯುವುದು. ಸಾಧಾರಣವಾಗಿ 7ರಿಂದ 9 ಸೆಂಟಿಮೀಟರಿನ ಎರೆಯು ಸಾಕು. ಒಂದು ಮೀಟರಿಗೂ ಮೀರಿ ಬೆಳೆಯಬಲ್ಲ ಹೂ ಮುರ್ರೆಲ್ ಇರುವ ಆಳದ ಕೆರೆಗಳಲ್ಲಿ 11 ಅಥವಾ 12 ಸೆಂಟಿಮೀಟರಿನದನ್ನು ಹಾಕಬಹುದು. ನೀರು ಕದಡಿರುವಾಗ ಒಂದು ಅಳತೆ ದೊಡ್ಡದೇ ಮೇಲು: ಮೀನಿನ ಪಕ್ಕೆಯುದ್ದಕ್ಕೂ ಇರುವ ರೇಖೆಯು ನೀರಿನ ಅಲುಗಾಟವನ್ನು ಅರಿಯುವ ಅಂಗವಾಗಿರುವುದರಿಂದ, ಕಾಣದ ಎರೆಯನ್ನೂ ಅದು ಈ ಮೂಲಕ ತಿಳಿಯುವುದು. ತಿಳಿನೀರಿನಲ್ಲಿ ಚಿಕ್ಕದೂ ತೆಳ್ಳನೆಯದೂ ಒಳ್ಳೆಯದು.

ಇನ್ನು ಬಣ್ಣ. ಇದಕ್ಕೆ ನೀರಿನ ತಿಳಿಯನ್ನು ಅಳೆಯಬೇಕು. ಒಂದು ಗೇಣಗಲದ ತಟ್ಟೆಗೆ ಬಿಳಿಯ ಬಣ್ಣ ಬಳಿದು, ಅಡಿಯಲ್ಲಿ ಕಲ್ಲು ಕಟ್ಟಿ, ಹುರಿಯಿಂದ ತೂಬಿನ ಬಳಿ ನೆರಳಿನ ಕಡೆಗೆ ಇಳಿಬಿಟ್ಟು, ಕಣ್ಣಿಗೆ ಮರೆಯಾಗುವ ಆಳವನ್ನು ಹುರಿಯ ಮೇಲೆ ಗುರುತಿಸುವುದು. ಇಟಲಿಯ ಸೆಕ್ಕಿ ಎಂಬ ಪಾದ್ರಿಯು 1865ರಲ್ಲಿ ಸಮುದ್ರದ ನೀರನ್ನು ಪರೀಕ್ಷಿಸಿದ ಕ್ರಮವೇ ಇದು. ತಟ್ಟೆಯು ಎರಡು ಮೊಳಕ್ಕಿಂತ ಆಳದಲ್ಲಿಯೂ ಕಂಡರೆ ತಿಳಿನೀರೆಂದೂ, ಒಂದು ಗೇಣಿನೊಳಗೆ ಮರೆಯಾದರೆ ಬಗ್ಗಡವೆಂದೂ ನಮ್ಮ ಕೆಲಸಕ್ಕೆ ಇಟ್ಟುಕೊಳ್ಳಬಹುದು. ತಿಳಿನೀರಿನಲ್ಲಿ ಬೆನ್ನು ಕಪ್ಪಾಗಿ ಹೊಟ್ಟೆ ಬೆಳ್ಳಗಾಗಿ, ಪಕ್ಕೆ ಬೆಳ್ಳಿಯಂತೆ ಮಿನುಗುವ, ಅಂದರೆ ಸಸಲನ್ನೇ ಹೋಲುವ ಬಣ್ಣವು ಸರಿ. ಮೋಡ ಕವಿದ ದಿನ ಮಿನುಗು ನಿಷ್ಪ್ರಯೋಜಕ. ಆಗ ಮಾಸಲು ಬಿಳಿಯೇ ಸಾಕು. ಮುಂಗಾರಿನ ಕೆಮ್ಮಣ್ಣಿನ ನೀರಿನಲ್ಲಿ ನೀಲಿ ಬೆಳಕು ಮೊದಲು ಅಳಿದು, ಹಳದಿ, ಕಿತ್ತಳೆ ಬಣ್ಣದ ಬೆಳಕು ಹೆಚ್ಚು ದೂರ ಹೋಗುವುದು. ಆದಕಾರಣ ಗಿಳಿಹಸಿರು ಬೆರೆತ ಹಳದಿ ಅಥವಾ ಕಿತ್ತಳೆ ಬಣ್ಣದ ಎರೆಯನ್ನು ಆರಿಸಬೇಕು. ಮುಂಜಾನೆ ಮತ್ತು ಮುಸ್ಸಂಜೆ ಕಪ್ಪು ಬಣ್ಣವೇ ಉತ್ತಮ. ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಮಂದ ಬೆಳಕಿಗೆದುರಾಗಿ ಅದರ ಆಕೃತಿಯು ಸ್ಪಷ್ಟವಾಗಿರುವುದು.

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತು ಬಣ್ಣಗಳನ್ನು ಸಾಲಾಗಿ ಇಟ್ಟಿರುವರು. ಅವುಗಳಲ್ಲಿ ಬಹುಪಾಲು ಹಿಡಿಯುವುದು ಕೊಳ್ಳುವವನನ್ನೇ. ಅಮೆರಿಕಾದ ಇಲಿನಾಯ್ ವಿಶ್ವವಿದ್ಯಾನಿಲಯದವರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬಾಸ್ ಮೀನು ಕೆಂಪನ್ನೂ ಹಸಿರನ್ನೂ ಚೆನ್ನಾಗಿ ಗುರುತಿಸಿದರೂ, ಹಳದಿಹಸಿರನ್ನು ಬಿಳಿಯೆಂದೂ ಕಡುನೀಲಿಯನ್ನು ಕಪ್ಪೆಂದೂ ಭ್ರಮಿಸಿತು. ಮನುಷ್ಯನ ಕಣ್ಣಿಗೆ ಬೇರೆಯಾದದ್ದೆಲ್ಲ ಮೀನಿಗೂ ಬೇರೆಯೆಂದು ಎಣಿಸಲಾಗದು. ಬೆಳ್ಳಿ, ಹಳದಿ, ಕಪ್ಪು ಈ ಮೂರು ಬಣ್ಣಗಳೂ ಎರಡು ಅಳತೆಗಳೂ ಕೈಯಲ್ಲಿದ್ದರೆ ವರ್ಷವೆಲ್ಲ ನಡೆಯುವುದು. ಮೀನು ಬೆನ್ನಟ್ಟಿ ಬಂದು ಹಿಂದಿರುಗಿದರೆ ಬಣ್ಣವನ್ನು ಬದಲಿಸುವುದಕ್ಕೆ ಮುಂಚೆ ನಿಲುಗಡೆಯನ್ನು ಬದಲಿಸಿ ನೋಡತಕ್ಕದ್ದು: ಎರಡು ಸಲ ಜಗ್ಗಿ ಮೂರೆಣಿಸುವವರೆಗೆ ಬಿಡುವುದು, ಮಾರ್ಗಶಿರ, ಪುಷ್ಯ ಮಾಸಗಳ ತಣ್ಣೀರಿನಲ್ಲಿ ಹತ್ತೆಣಿಸಿದರೂ ತಪ್ಪಿಲ್ಲ.

ಈ ಎರೆಯು ಬಯಲುನೀರಿಗೆ ಮಾತ್ರ. ಜೊಂಡು, ಅಂತರಗಂಗೆಗಳ ನಡುವೆ ಎಸೆದರೆ ಕೊಕ್ಕೆಗಳು ಸಿಕ್ಕಿ ದಾರ ಹರಿಯುವುದು. ಅಲ್ಲಿಗೆ ಕೊಕ್ಕೆ ಮೈಯೊಳಗೆ ಅಡಗಿರುವ ರಬ್ಬರಿನ ಕಪ್ಪೆಯೇ ತಕ್ಕದ್ದು. ಮೂರು ಮೊನೆಯ ಕೊಕ್ಕೆಗಳನ್ನು ಬಿಚ್ಚಿ ಒಂಟಿ ಕೊಕ್ಕೆಗಳನ್ನು ಹಾಕಿಸುವಂತೆ ಗ್ರಾಮದ ಮುಖ್ಯಸ್ಥರು ಕಟ್ಟುನಿಟ್ಟು ಮಾಡಬೇಕು. ಹರಿದುಹೋದ ಎರೆಯು ನೀರಿಳಿದಾಗ ದಡದಲ್ಲಿ ಬಿದ್ದು, ದನದ ಗೊರಸಿಗೋ ಬರಿಗಾಲಿನ ಮಕ್ಕಳಿಗೋ ಚುಚ್ಚುವುದು. ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಹಿಡಿದವರ ಒಪ್ಪಿಗೆಯಿಲ್ಲದೆ ಯಾರೂ ಗಾಳ ಹಾಕಕೂಡದು.

ನೀರು ಕುಗ್ಗಿ ಮೀನುಗಳು ತಗ್ಗಿನಲ್ಲಿ ಒತ್ತಾಗಿ ಸೇರುವ ಚೈತ್ರ, ವೈಶಾಖಗಳಲ್ಲಿ ಈ ಕೆಲಸವನ್ನು ನಡೆಸುವುದು. ಸಿಕ್ಕ ಮುರ್ರೆಲ್‌ಗಳ ಹೊಟ್ಟೆಯಲ್ಲಿ ದೊರೆತ ಮೀನುಗಳನ್ನು ಅಳೆದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮಳೆ ಬಂದು ಕೆರೆ ತುಂಬಿದ ಮೇಲೆ ಬಿಡುವ ಮರಿಗಳು ಆ ಅಳತೆಗಿಂತ ದೊಡ್ಡವಾಗಿರಲಿ. ಯಾವ ಕಾರಣಕ್ಕೂ 10 ಸೆಂಟಿಮೀಟರಿಗೆ ಕಡಮೆಯವನ್ನು ಇಂಥ ಕೆರೆಗೆ ತರಬಾರದು, ಬೆಲೆ ಹೆಚ್ಚಾದರೂ ಎಣಿಕೆಯನ್ನು ಇಳಿಸಿ ದೊಡ್ಡ ಮರಿಗಳನ್ನೇ ಕೊಳ್ಳತಕ್ಕದ್ದು.